ಪರಿಚಯವಿಲ್ಲದ ಸಾಕ್ಷಿ

ಮಾರ್ಚ್ ೪, ಮಂಗಳವಾರ

ಸಾಕ್ಷಿ ಸಹಿ ಹಾಕುವ ಇಬ್ಬರು ಮನುಷ್ಯರಿಗಾಗಿ ಇವತ್ತು ಇಡೀ ಬೀದಿ ಅಲೆದೆ. ಆಹಾರ ತಪಾಸಣೆಯವಳಾದ ನಾನು ಕಾಗದ ಹಿಡಿದು ಬರುವುದನ್ನು ಕಂಡದ್ದೇ ತಡ, ಔಷಧಿ ಅಂಗಡಿಯವನಿಗೆ ಒಳಗಿನಿಂದ ಕರೆ ಬಂತು, ಚಪ್ಪಲಿ ಅಂಗಡಿಯವನಿಗೆ ಓದುಬರಹ ಮರೆತುಹೋಯಿತು, ಹಣ್ಣಿನ ರಸದವನು ಅರ್ಧ ಹಿಂಡಿದ ಹಣ್ಣನ್ನು ಹಾಗೇ ಬಿಟ್ಟು ಮಾಯವಾದ. ಅವನು ಹೆದರಿದ್ದು ಸರಿಯೇ. ಅವನ ಐಸ್ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತು, ನನಗೆ ಗೊತ್ತಿದೆಯೆಂದು ಅವನಿಗೂ ಗೊತ್ತು.

ಕಳೆದ ವಾರ ಹಾಸ್ಟೆಲಿನ ಮಕ್ಕಳು ಡಬ್ಬಿಯ ಹಣ್ಣು ತಿಂದು ಆಸ್ಪತ್ರೆ ಸೇರಿದರಲ್ಲ, ಆ ಡಬ್ಬಿಗಳ ಜಾಡು ಹಿಡಿದು ಹೊರಟರೆ ಸಿಕ್ಕಿದ್ದು ಈ ಬೀದಿಯ ಗೋದಾಮು. ನಾವು ಬರುವ ಸುದ್ದಿ ಹೇಗೆ ತಿಳಿಯಿತೋ, ಯಜಮಾನ ಬೀಗ ಜಡಿದು ಪರಾರಿಯಾಗಿದ್ದ. ಫೋನ್ ಮಾಡಿದರೆ, "ಬೀಗದ ಕೈ ಎಲ್ಲೋ ಬಿದ್ದೋಯ್ತು ಮೇಡಂ, ನಾನೂ ಹುಡುಕ್ತಾನೇ ಇದೀನಿ" ಎಂದ. ಹುಡುಕುತ್ತಿರಲಿ ಪಾಪ. ಬೀದಿಯ ಕೊನೆಯ ಅಂಗಡಿಯಿಂದ ಬೀಗ ರಿಪೇರಿಯವನನ್ನು ಕರೆಸಿದೆ.

ಬೀಗದವನು ಸುತ್ತಿಗೆ ತರುತ್ತಾನೆಂದುಕೊಂಡಿದ್ದೆ. ಎರಡು ತಂತಿ ತಂದ. ಬೀಗಕ್ಕೆ ಕಿವಿ ಕೊಟ್ಟು ಕೂತು, "ಹೆದರ್ಬೇಡ, ನಿನ್ನ ತಪ್ಪೇನಿಲ್ಲ" ಎಂದು ಅದಕ್ಕೇ ಹೇಳಿದ. ನಮ್ಮ ಜವಾನ ನಕ್ಕ. ಬೀಗ ತೆರೆಯಿತು.

ಒಳಗೆ ಸಿಹಿಯೂ ಹುಳಿಯೂ ಕೂಡಿದ ವಾಸನೆ ಮುಖಕ್ಕೆ ಹೊಡೆಯಿತು. ಅನಾನಸ್, ಪೇರಳೆ, ಚೆರ್ರಿ. ಡಬ್ಬಿಗಳ ಗೋಡೆ ಸೂರಿನ ತನಕ. ಮುಚ್ಚಳಗಳು ಉಂಡು ಮಲಗಿದವರ ಹೊಟ್ಟೆಯ ಹಾಗೆ ಉಬ್ಬಿದ್ದವು. ಉಗುರಿನಿಂದ ಕೆರೆದರೆ ಹೊಸ ತಾರೀಖಿನ ಚೀಟಿಯ ಕೆಳಗೆ ಹಳೆಯ ತಾರೀಖಿನ ಚೀಟಿ! ಅಷ್ಟರಲ್ಲಿ ಯಜಮಾನ ಎಲ್ಲಿಂದಲೋ ಪ್ರತ್ಯಕ್ಷನಾಗಿ, ಇವು ತನ್ನವಲ್ಲ, ಯಾರೋ ಇಟ್ಟುಹೋದದ್ದು ಎಂದು ಶುರುಮಾಡಿದ. ಮಾದರಿಗೆ ಕೆಲವನ್ನು ತೆಗೆದುಕೊಂಡು ಉಳಿದದ್ದನ್ನೆಲ್ಲ ಜಪ್ತಿ ಮಾಡಿದೆ. ಕಚೇರಿಯಲ್ಲಿ ನಮಗೇ ಕೂರಲು ಜಾಗವಿಲ್ಲ, ಇವನ್ನೆಲ್ಲಿ ಇಡುವುದು? ಕೋರ್ಟಿನ ಆದೇಶ ಬರುವವರೆಗೆ ಅದೇ ಗೋದಾಮಿನಲ್ಲಿ, ನಮ್ಮ ಮೊಹರಿನ ಕೆಳಗೆ.

ಒಬ್ಬ ಸಾಕ್ಷಿ ಪಕ್ಕದ ಇಸ್ತ್ರಿ ಅಂಗಡಿಯ ತಾತ. ಅವರಿಗೆ ಓಡಲು ಕಾಲಿಲ್ಲ, ಅದಕ್ಕೇ ಸಿಕ್ಕಿದರು. ಇನ್ನೊಬ್ಬನಿಗಾಗಿ ಪರದಾಡುತ್ತಿರುವಾಗ ಬೀಗದವನು ಕೈ ಒರೆಸಿಕೊಂಡು ಮುಂದೆ ಬಂದ. "ಬಾಗಿಲು ತೆಗೆದೋನು ನಾನು. ಒಳಗೇನಿತ್ತು ಅಂತ ನೋಡಿದೋನೂ ನಾನೇ. ನೋಡಿಲ್ಲ ಅಂತ ಹೇಗೆ ಹೇಳ್ಲಿ? ಎಲ್ಲಿ ಹಾಕ್ಬೇಕು ಸಹಿ?"

ಮೊಹರು ಹಾಕುವಾಗ ಬಿಸಿ ಅರಗು ನನ್ನ ಬೆರಳ ಮೇಲೆ ಬಿತ್ತು. ಅಷ್ಟು ಜನರ ಮುಂದೆ ಅಯ್ಯೋ ಎನ್ನಲಾಗುತ್ತದೆಯೇ? ಮೊಹರು ಒತ್ತಿ ಮುಗಿಸಿದೆ. ಬೀಗದವನು ಒದ್ದೆ ಬಟ್ಟೆಯೊಂದನ್ನು ಯಾರಿಗೂ ಕಾಣದ ಹಾಗೆ ನನ್ನ ಕೈಗೆ ದಾಟಿಸಿದ. ಹೊರಡುವಾಗ "ಊಟ ಆಯ್ತಾ ಮೇಡಂ?" ಎಂದ.

"ಡ್ಯೂಟೀಲಿ ನಾನು ಯಾರ ಹತ್ರಾನೂ ನೀರೂ ಕುಡಿಯಲ್ಲ" ಎಂದೆ.

"ನಾನು ಕೊಡ್ಲಿಲ್ಲವಲ್ಲ ಮೇಡಂ, ಕೇಳ್ದೆ ಅಷ್ಟೆ."

ಉದ್ಧಟ.

ಮಾರ್ಚ್ ೧೪, ಶುಕ್ರವಾರ

ಮೊಹರು ಸರಿಯಾಗಿದೆಯೇ ಎಂದು ಆಗಾಗ ನೋಡಿ, ಸಾಕ್ಷಿಗಳ ಸಹಿ ಪಡೆಯಬೇಕೆಂದು ನಿಯಮ. ಹೋದೆ. ಸರಿಯಾಗಿತ್ತು. ತಾತ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ ನಿದ್ದೆ ಹೋಗಿದ್ದರು. ಅವರು ಏಳುವ ತನಕ ಬೀಗದವರ ಅಂಗಡಿಯ ಮುಂದೆ ನಿಂತೆ.

ಅಂಗಡಿ ಎಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಗೋಡೆಯ ಹಲಗೆಯಲ್ಲಿ ಮೊಳೆಗಳು, ಮೊಳೆಗೊಂದು ಬೀಗದ ಕೈ. ಮಾಡಲು ಕೊಟ್ಟು ಮತ್ತೆ ಬಾರದೆ ಹೋದವರದ್ದಂತೆ. "ಎಸೀಬಹುದಲ್ಲ" ಎಂದೆ. "ಎಸೆದ ಮಾರನೇ ದಿನಾನೇ ಬರ್ತಾರೆ ಮೇಡಂ. ಅದಕ್ಕೇ ಎಸೆಯಲ್ಲ" ಎಂದರು.

ಟೀ ತರಿಸಲೇ ಎಂದು ಕೇಳಿದರು. ಬೇಡವೆಂದೆ. ಬಲವಂತ ಮಾಡಲಿಲ್ಲ. ನನ್ನ ಕೆಲಸ ತಿಳಿದ ಮೇಲೂ ಏನಾದರೂ ಬೇಕೇ ಎಂದು ಕೇಳುವವರೇ ಕಡಿಮೆ. ಚಿಕ್ಕಪ್ಪನ ಮೊಮ್ಮಗಳ ಮದುವೆಯಲ್ಲಿ ಅಡುಗೆಯವರು ನನ್ನನ್ನು ಕಂಡು ಪಾತ್ರೆಗಳಿಗೆಲ್ಲ ಮುಚ್ಚಳ ಮುಚ್ಚಿದ್ದರು. ನಾನು ತಿನ್ನಲು ಹೋಗಿದ್ದೆ, ತಪಾಸಣೆಗೆ ಹೋಗಿರಲಿಲ್ಲ.

ಗೋದಾಮಿನ ಒಳಗೆ ಢಬ್ ಎಂದು ಸದ್ದಾಯಿತು. ಡಬ್ಬಿಯೊಂದು ಸಿಡಿದಿರಬೇಕು. ತಾತ ಎದ್ದರು.

ಮಾರ್ಚ್ ೧೭, ಸೋಮವಾರ

ಮಳೆ ಬರುವ ಹಾಗಿತ್ತು. ಮೊಹರು ನೆನೆದರೆ ಕಷ್ಟವೆಂದು ನೋಡಿಕೊಂಡು ಬಂದೆ. ಅರಗು ನೀರಿಗೆ ಕರಗುವುದಿಲ್ಲ, ಗೊತ್ತಿದೆ. ಆದರೂ ನೋಡಿಕೊಳ್ಳುವುದು ಒಳ್ಳೆಯದು.

ಮಳೆ ಬರಲಿಲ್ಲ.

ಮಾರ್ಚ್ ೨೦, ಗುರುವಾರ

ಇಲಿ ಅರಗನ್ನು ಕಡಿಯುತ್ತದೆ ಎಂದು ಎಲ್ಲೋ ಓದಿದ ನೆನಪು. ಹೋಗಿ ನೋಡಿದೆ. ಕಡಿದಿರಲಿಲ್ಲ. ಇಸ್ತ್ರಿ ತಾತ, "ಏನಮ್ಮಾ, ಈ ಡಬ್ಬಿಗಳನ್ನ ಮಕ್ಕಳಿಗಿಂತ ಹೆಚ್ಚು ನೋಡ್ಕೋತಿದೀಯಲ್ಲ" ಎಂದರು. ಹಿರಿಯರು, ಏನನ್ನಲಿ.

ಬೀಗದವರು ಚಿಕ್ಕ ಗಡಿಯಾರದ ಪೆಟ್ಟಿಗೆಯೊಂದರ ಬೀಗ ಬಿಚ್ಚಿಕೊಂಡು ಕೂತಿದ್ದರು. ಒಳಗಿನ ಸ್ಪ್ರಿಂಗ್ ತೋರಿಸಿ, "ಇದು ಸುಮ್ನೆ ತಳ್ಳಿದ್ರೆ ಮುರಿಯುತ್ತೆ, ಕಾದ್ರೆ ತಾನಾಗೇ ಬಿಟ್ಕೊಡುತ್ತೆ" ಎಂದರು. ಬೀಗದ ವಿಷಯ ನನಗೇಕೆ? ಆದರೂ ಕೇಳುತ್ತಾ ನಿಂತೆ. ಕಚೇರಿಗೆ ತಡವಾಯಿತು.

ಮಾರ್ಚ್ ೨೫, ಮಂಗಳವಾರ

ನಮ್ಮ ಮೇಲಧಿಕಾರಿಗೆ ಎಲ್ಲವೂ ಅರ್ಜೆಂಟು. ಅದಕ್ಕೇ ಕಚೇರಿಯಲ್ಲಿ ಅವರನ್ನು ಅರ್ಜೆಂಟ್ ಸಾಹೇಬರು ಎನ್ನುತ್ತೇವೆ. ಇವತ್ತು ಮಾತ್ರ ನಿಧಾನವಾಗಿ ಬಾಗಿಲು ಹಾಕಿ ಕೂರಿಸಿದರು.

"ಯಜಮಾನನ ವಕೀಲರು ಕಾಗದಗಳ ನಕಲು ತಗೊಂಡಿದಾರೆ. ಎಷ್ಟು ಸಲ ಹೋಗಿದೀರಿ ನೀವು ಆ ಗೋದಾಮಿಗೆ?"

"ಮೊಹರು ನೋಡೋಕೆ ಸಾರ್."

"ಮೊಹರಿಗೇನು ಜ್ವರ ಬಂದಿತ್ತಾ, ದಿನಾ ನೋಡೋಕೆ? ವಕೀಲ ಬೀದೀಲೆಲ್ಲ ವಿಚಾರಿಸ್ತಾ ಇದಾನೆ. ಸಾಕ್ಷಿ ಅಂದ್ರೆ ನಿಮಗೆ ಪರಿಚಯ ಇಲ್ಲದೋನಾಗಿರ್ಬೇಕು. ಪರಿಚಯ ಇದೆ, ಸಲಿಗೆ ಇದೆ ಅಂತ ಗೊತ್ತಾದ್ರೆ ಆ ಸಹಿಗೆ ಮೂರು ಕಾಸಿನ ಬೆಲೆ ಇಲ್ಲ. ಕೇಸು ಬಿದ್ದೋಗುತ್ತೆ. ಡಬ್ಬಿಗಳೆಲ್ಲ ವಾಪಸ್ ಅವನಿಗೇ. ಇನ್ನೊಂದು ಚೀಟಿ ಅಂಟಿಸಿ ಇನ್ನೊಂದು ಹಾಸ್ಟೆಲಿಗೆ ಕಳಿಸ್ತಾನೆ. ಬೇಕಾ?"

ಬೇಡ. ಆಸ್ಪತ್ರೆಯಲ್ಲಿ ಆ ಮಕ್ಕಳ ಹೇಳಿಕೆ ಬರೆದುಕೊಂಡವಳು ನಾನು. ಒಂದು ಹುಡುಗಿ ನೀರು ಕುಡಿಯಲೂ ಹೆದರಿ, ಲೋಟವನ್ನು ಮೂಸಿ ಮೂಸಿ ನೋಡುತ್ತಿದ್ದಳು.

"ಪರಿಚಯವೇನಿಲ್ಲ ಸಾರ್" ಎಂದೆ. ನಿಜವೇ ತಾನೆ. ಏನು ಪರಿಚಯ? ಒಂದು ಒದ್ದೆ ಬಟ್ಟೆ, ಕುಡಿಯದ ಟೀ.

ಕೇಸು ಮುಗಿಯುವ ತನಕ ಆ ಬೀದಿಗೆ ಒಬ್ಬಳೇ ಹೋಗಬಾರದೆಂದು ತೀರ್ಮಾನ ಮಾಡಿದೆ. ಯಾವಾಗ ಮುಗಿಯುತ್ತದೋ ದೇವರೇ ಬಲ್ಲ.

ಏಪ್ರಿಲ್ ೩, ಗುರುವಾರ

ಬಸ್ಸಿಗೆ ಈಗ ಮಾರುಕಟ್ಟೆಯ ಕಡೆಯಿಂದ ಸುತ್ತಿ ಹೋಗುತ್ತೇನೆ. ನಡಿಗೆ ಆರೋಗ್ಯಕ್ಕೆ ಒಳ್ಳೆಯದು. ಕಾಲು ನೋಯುತ್ತದೆ.

ಏಪ್ರಿಲ್ ೧೨, ಶನಿವಾರ

ಮನೆಯ ಮುಂಬಾಗಿಲಿನ ಬೀಗ ಮೊಂಡು ಹಿಡಿಯತೊಡಗಿದೆ. ಬಾಗಿಲಿನೊಳಗೇ ಕೂರಿಸಿದ ಹಳೆಯ ಬೀಗ, ಅಪ್ಪ ಇದ್ದಾಗ ಹಾಕಿಸಿದ್ದು. ಬೀಗದ ಕೈ ತಿರುಗಿಸಿದರೆ ಅರ್ಧಕ್ಕೆ ನಿಲ್ಲುತ್ತದೆ. ಇವತ್ತು ಹೊರಗೆ ನಿಂತು ಒದ್ದಾಡಿದೆ. ಹೆದರಬೇಡ, ನಿನ್ನ ತಪ್ಪೇನಿಲ್ಲ ಎಂದೂ ಹೇಳಿ ನೋಡಿದೆ. ಒಳಗಿನಿಂದ ಅಮ್ಮ, "ಯಾರ ಹತ್ರ ಮಾತಾಡ್ತಿದೀಯೇ?" ಎಂದಳು.

"ಯಾರಾದ್ರೂ ಬೀಗದೋನ್ನ ಕರೆದು ತೋರಿಸು" ಎಂದಳು. ನೋಡೋಣ ಎಂದೆ.

ಏಪ್ರಿಲ್ ೧೯, ಶನಿವಾರ

ಬರೆದರೆ ಸಮಾಧಾನವಾದೀತು.

ಮಧ್ಯಾಹ್ನ ಕಚೇರಿಯಿಂದ ಮನೆಗೆ ಬಂದರೆ ನಮ್ಮ ಬಾಗಿಲ ಮುಂದೆ ಬೀಗದವರು ಮಂಡಿಯೂರಿ ಕೂತಿದ್ದಾರೆ! ಬೀಗ ಬಿಚ್ಚಿ ಕೈಯಲ್ಲಿ ಹಿಡಿದಿದ್ದಾರೆ. ಎದುರಿಗೆ ಅಮ್ಮ ಮಣೆ ಹಾಕಿಕೊಂಡು ಕೂತು ಲೋಕಾಭಿರಾಮ ಮಾತಾಡುತ್ತಿದ್ದಾಳೆ. ಮಾರುಕಟ್ಟೆಯಲ್ಲಿ ಯಾರನ್ನೋ ವಿಚಾರಿಸಿ, ಒಳ್ಳೆಯ ಕೆಲಸಗಾರ ಎಂದರಂತೆ, ಕರೆದುಕೊಂಡು ಬಂದಳಂತೆ. ಊರಲ್ಲಿ ಅಷ್ಟು ಜನ ಬೀಗದವರಿದ್ದಾರೆ, ಅಮ್ಮನಿಗೆ ಸಿಕ್ಕಿದ್ದು ಇವರೇ.

ಅವರು ನನ್ನನ್ನು ನೋಡಿ ಬೆರಗಾದರು. ಆಮೇಲೆ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ನಗು ಬರುತ್ತಿತ್ತು. ಅಷ್ಟರಲ್ಲಿ ಮೇಲೆ ನೋಡಿದೆ. ಮಹಡಿ ಮನೆಯ ಟೈಪಿಸ್ಟ್ ಕಟಕಟೆಗೆ ಒರಗಿ ನಿಂತು ನೋಡುತ್ತಿದ್ದ. ಕೋರ್ಟಿನ ಹೊರಗೆ ಮೇಜು ಹಾಕಿಕೊಂಡು ವಕೀಲರಿಗೆ ಟೈಪ್ ಮಾಡಿಕೊಡುವವನು ಅವನು. ಅವನ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಎಲ್ಲ ವಕೀಲರ ಕಿವಿಯಲ್ಲಿರುತ್ತದೆ.

"ಯಾರ್ರೀ ನಿಮ್ಮನ್ನ ಇಲ್ಲಿಗೆ ಕರೆಸಿದ್ದು? ಏಳಿ. ಹೊರಡಿ" ಎಂದೆ. ಮಹಡಿಗೆ ಕೇಳಿಸುವ ಹಾಗೆಯೇ ಅಂದೆ.

"ಒಳಗಿನ ಸ್ಪ್ರಿಂಗ್ ಮುರಿದಿದೆ ಮೇಡಂ, ಇನ್ನೊಂದು ಚೂರು..."

"ಹೊರಡಿ ಅಂದೆನಲ್ಲ, ಕೇಳಿಸ್ಲಿಲ್ವಾ?"

ಅವರ ಮುಖ ಸಣ್ಣಗಾಯಿತು. ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ಅಮ್ಮನಿಗೆ "ಬರ್ತೀನಮ್ಮ" ಎಂದರು. ನನಗೆ ಏನೂ ಹೇಳಲಿಲ್ಲ. ಅವರು ಬೀದಿಯ ತಿರುವು ದಾಟಿದ ಮೇಲೆ ನೋಡಿದರೆ, ನಮ್ಮ ಬೀಗವೂ ಚೀಲದ ಜತೆ ಹೋಗಿದೆ. ಬಾಗಿಲಲ್ಲಿ ಬರೀ ತೂತು.

"ನಿನ್ನ ನಾಲಿಗೆಗೇನು ಬೆಂಕಿ ಬಿತ್ತೇನೇ?" ಎಂದು ಅಮ್ಮ ಎಗರಾಡಿದಳು. "ಎಂಥಾ ಮರ್ಯಾದಸ್ಥ ಮನುಷ್ಯ! ಹೆಂಡತಿ ಹೋಗಿ ಎಷ್ಟೋ ವರ್ಷ ಆಯ್ತಂತೆ, ಮಕ್ಕಳಿಲ್ಲ, ತಾನೇ ಬೇಯಿಸ್ಕೊಂಡು ತಿಂತಾನಂತೆ. ಟೀ ಕೊಟ್ರೆ ಕೆಲಸ ಮುಗೀಲಿ ಅಮ್ಮ ಆಮೇಲೆ ಕುಡೀತೀನಿ ಅಂದ. ನೋಡು, ಹಾಗೇ ಇದೆ ಲೋಟ."

ಕೇಸಿನ ವಿಷಯ ಬಿಡಿಸಿ ಹೇಳಿದೆ. ಅಮ್ಮ, "ಅದನ್ನ ಅವನಿಗೆ ಮೆಲ್ಲಗೆ ಹೇಳಬಹುದಿತ್ತಲ್ಲ" ಎಂದಳು.

ಹೇಳಬಹುದಿತ್ತೇ? ಮಹಡಿಯವನ ಮುಂದೆ ಪಿಸುಗುಟ್ಟಬಹುದಿತ್ತೇ? ಗೊತ್ತಿಲ್ಲ. ಲೋಟದ ಟೀ ಚೆಲ್ಲಿದೆ.

ಏಪ್ರಿಲ್ ೨೮, ಸೋಮವಾರ

ತೂತಿಗೆ ಅಮ್ಮ ಹಳೇ ಬಟ್ಟೆ ತುರುಕಿದ್ದಾಳೆ. ಒಳಗಿನಿಂದ ಚಿಲಕವಿದೆ, ಹೊರಗಿನಿಂದ ಏನೂ ಇಲ್ಲ. ಹಾಗಾಗಿ ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಲೇಬೇಕು. ತೀರಾ ಅನಿವಾರ್ಯವಾದರೆ ಹಗ್ಗ ಕಟ್ಟಿ ಹೋಗುತ್ತೇವೆ. "ಮನೆಗೆ ಹಗ್ಗ ಕಟ್ಟಿದೋರನ್ನ ನಾನು ಎಲ್ಲೂ ಕಂಡಿಲ್ಲ. ಅದೇನು ಓಡಿಹೋಗುತ್ತಾ?" ಎಂದು ಅಮ್ಮ ದಿನಾ ಒಂದು ಸಲ ಅನ್ನುತ್ತಾಳೆ.

ಹೊಸ ಬೀಗ ತರುತ್ತೇನೆ ಎಂದಿದ್ದೇನೆ.

ಮೇ ೯, ಶುಕ್ರವಾರ

ಬೀಗ ತರಲು ದೊಡ್ಡ ಅಂಗಡಿಗೆ ಹೋಗಿದ್ದೆ. ಹಿತ್ತಾಳೆಯದು, ಉಕ್ಕಿನದು, ಬೆರಳು ಒತ್ತಿದರೆ ತೆರೆಯುವಂಥದ್ದು, ಎಲ್ಲ ತೋರಿಸಿದ. ಎಲ್ಲವೂ ಚೆನ್ನಾಗಿಯೇ ಇದ್ದವು. ಒಂದೂ ಹಿಡಿಸಲಿಲ್ಲ.

ಸಂಜೆ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ನಾನೇ ಒಂದು ಆರ್ಡರ್ ಮಾಡಿ ಕಳಿಸ್ಲಾ? ಅಮ್ಮ ದಿನಾ ಗೋಳಾಡ್ತಾಳೆ" ಎಂದ. ಬೇಡ, ನಮ್ಮ ಬಾಗಿಲಿನ ಅಳತೆ ಬೇರೆ ಎಂದೆ. ಅಳತೆ ಎಷ್ಟು ಎಂದು ಕೇಳಿದ. ನೋಡಿ ಹೇಳುತ್ತೇನೆ ಎಂದೆ.

ಅವನ ಓದು, ಅವನ ಕೆಲಸ, ಅವನ ಮದುವೆ ಎಲ್ಲ ಆಗುವಷ್ಟರಲ್ಲಿ ನನ್ನದನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದರ ಬಗ್ಗೆ ಯೋಚಿಸಿ ಎಷ್ಟೋ ವರ್ಷವಾಗಿತ್ತು. ಇವತ್ತು ಯಾಕೆ ನೆನಪಾಯಿತೋ.

ಮೇ ೧೭, ಶನಿವಾರ

ಒಗೆಯಲೆಂದು ಅಮ್ಮ ತೂತಿನ ಬಟ್ಟೆ ತೆಗೆದಿದ್ದಳು. ಬೆಳಗಿನ ಬಿಸಿಲು ತೂತಿನಿಂದ ಬಂದು ಎದುರು ಗೋಡೆಯ ಮೇಲೆ ಒಂದು ಬಿಲ್ಲೆಯಷ್ಟು ಬಿದ್ದಿತ್ತು. ಅದು ಗೋಡೆಯಿಂದ ನೆಲಕ್ಕಿಳಿದು, ಚಾಪೆ ದಾಟುವ ತನಕ ನೋಡುತ್ತಾ ಕೂತಿದ್ದೆ. ಕಾಫಿ ಆರಿಹೋಯಿತು.

ಯಾರನ್ನಾದರೂ ನೋಡಬೇಕೆನ್ನಿಸುತ್ತದೆ. ಯಾರನ್ನಾದರೂ ಎಂದರೆ ಯಾರನ್ನಾದರೂ ಅಲ್ಲ.

ಮೇ ೨೮, ಬುಧವಾರ

ಗೋದಾಮಿನ ಬೀದಿಯವರು ದೂರು ಕೊಟ್ಟರು. ಸೆಕೆಗೆ ಡಬ್ಬಿಗಳು ಒಂದರ ಹಿಂದೊಂದು ಸಿಡಿದು, ಪಾಕ ಬಾಗಿಲ ಸಂದಿಯಿಂದ ರಸ್ತೆಗೇ ಹರಿದಿತ್ತು. ನೊಣ, ಇರುವೆ, ಮೂಗು ಮುಚ್ಚಿಕೊಂಡ ಜನ. ಅರ್ಜೆಂಟ್ ಸಾಹೇಬರು ಜವಾನನನ್ನೂ ಇನ್ನೊಬ್ಬ ಅಧಿಕಾರಿಯನ್ನೂ ಜತೆ ಮಾಡಿ ಕಳಿಸಿದರು. ಮೊಹರು ತೆಗೆದು, ನೆಲ ತೊಳೆಸಿ, ಮತ್ತೆ ಮೊಹರು ಹಾಕಬೇಕು. ಅದಕ್ಕೂ ಅದೇ ಸಾಕ್ಷಿಗಳು ಬೇಕು.

ಬೀಗದವರು ಬಂದರು. ಇಸ್ತ್ರಿ ತಾತನ ಆಚೆ ನಿಂತರು. ನಾನು ಈಚೆ. ಎಷ್ಟು ಹೊತ್ತಾದರೂ ನನ್ನ ಕಡೆ ತಿರುಗಲಿಲ್ಲ. ನಾನೂ ತಿರುಗಲಿಲ್ಲ. ಕಾಗದ ಮುಂದೆ ಹಿಡಿದಾಗ ಅವರ ಕೈಯಷ್ಟೇ ಕಂಡಿತು. ಹೆಬ್ಬೆರಳ ಗೆರೆಗಳಲ್ಲಿ ಎಣ್ಣೆಯ ಕಪ್ಪು.

"ಎಲ್ಲಿ?" ಎಂದರು.

"ಇಲ್ಲಿ" ಎಂದೆ.

ಒಂದೂವರೆ ತಿಂಗಳಲ್ಲಿ ನಾವು ಆಡಿದ ಮಾತು ಇಷ್ಟು. ನಾನು ಸೊಕ್ಕಿನವಳು, ಮನೆ ಬಾಗಿಲಿಗೆ ಬಂದವರನ್ನು ನಾಯಿಯ ಹಾಗೆ ಅಟ್ಟುವವಳು ಎಂದು ತಿಳಿದಿದ್ದಾರೆ. ತಿಳಿಯಲಿ. ಹಾಗೆ ತಿಳಿದಿದ್ದರೇ ಕೇಸಿಗೆ ಒಳ್ಳೆಯದು. ಕೇಸಿಗೆ ಒಳ್ಳೆಯದಾಗುವುದೆಲ್ಲ ನನ್ನ ಎದೆಗೆ ಬಂದು ಒತ್ತುತ್ತದೆ. ಹೀಗಾಗುತ್ತದೆಂದು ಯಾವ ನಿಯಮದ ಪುಸ್ತಕವೂ ಹೇಳಿರಲಿಲ್ಲ.

ಹೇಳಿಬಿಡಬೇಕೆನ್ನಿಸುತ್ತದೆ. ಅಡ್ಡಬಿದ್ದು ಹೇಳಬೇಕೆನ್ನಿಸುತ್ತದೆ. ಹೇಳುವ ಹಾಗಿಲ್ಲ.

ಇವತ್ತು ಅರಗು ಮತ್ತೆ ಬೆರಳ ಮೇಲೆ ಬಿತ್ತು. ಬಟ್ಟೆ ಯಾರೂ ಕೊಡಲಿಲ್ಲ.

ಜೂನ್ ೧೦, ಮಂಗಳವಾರ

ಮಕ್ಕಳ ವಿಷಯವೆಂದು ಕೇಸು ಬೇಗ ವಿಚಾರಣೆಗೆ ಬಂತು. ಇವತ್ತು ನನ್ನ ಸಾಕ್ಷ್ಯ. ಯಜಮಾನನ ವಕೀಲ ದಪ್ಪ ಕನ್ನಡಕದವನು, ಜೇನಿನಂಥ ದನಿ. ಗೋದಾಮಿಗೆ ಅಷ್ಟು ಸಲ ಯಾಕೆ ಹೋದಿರಿ ಎಂದು ಕೇಳಿದ. ಮಳೆ ಎಂದೆ, ಇಲಿ ಎಂದೆ. ನ್ಯಾಯಾಧೀಶರು ಕತ್ತೆತ್ತಿ ಒಮ್ಮೆ ನೋಡಿದರು. ನನಗೇ ನಾಚಿಕೆಯಾಯಿತು.

ಮುಂದಿನ ಸಲ ಬೀಗದವರು. ಟೈಪಿಸ್ಟ್ ಇವತ್ತು ಕನ್ನಡಕದ ವಕೀಲನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಏನೋ ಹೇಳುತ್ತಿದ್ದ. ನನ್ನನ್ನು ಕಂಡು ನಮಸ್ಕಾರ ಎಂದ. ಮೈಯೆಲ್ಲ ಉರಿದುಹೋಯಿತು.

ಅಂದು ಮನೆಗೆ ಬಂದದ್ದನ್ನು ಕೇಳಿಯೇ ಕೇಳುತ್ತಾರೆ. ಇವರು ಬಂದಿಲ್ಲ ಎಂದರೆ ಸುಳ್ಳು ಸಾಕ್ಷಿ, ಟೈಪಿಸ್ಟ್ ಎದ್ದು ನಿಲ್ಲುತ್ತಾನೆ. ಬಂದಿದ್ದೆ ಎಂದರೆ ಕೇಸು ಹೋಯಿತು. ಹೀಗೆ ಹೇಳಿ, ಹಾಗೆ ಹೇಳಬೇಡಿ ಎಂದು ನಾನು ಹೋಗಿ ಹೇಳುವಂತಿಲ್ಲ. ಹೇಳಿದರೆ ನಾನು ಎಂಥ ಅಧಿಕಾರಿ?

ಜೂನ್ ೨೩, ಸೋಮವಾರ

ನಾಳೆ. ಊಟ ಸೇರಲಿಲ್ಲ.

ಜೂನ್ ೨೪, ಮಂಗಳವಾರ

ಒಂದು ಮಾತೂ ಬಿಡದೆ ಬರೆದಿಡಬೇಕು.

ಬೀಗದವರು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ತಾತನ ಇಸ್ತ್ರಿ ಇರಬೇಕು, ಗೆರೆ ಹಾಗೇ ನಿಂತಿತ್ತು. ನನ್ನ ಸಾಕ್ಷ್ಯ ಮುಗಿದಿದ್ದರಿಂದ ನಾನು ಹಿಂದಿನ ಬೆಂಚಿನಲ್ಲಿ ಕೂರಬಹುದಿತ್ತು. ಬೀಗ ತೆಗೆದದ್ದು, ಡಬ್ಬಿ ನೋಡಿದ್ದು, ಎರಡು ಚೀಟಿ ಕಂಡದ್ದು, ಎಲ್ಲ ಚೊಕ್ಕವಾಗಿ ಹೇಳಿದರು. ಆಮೇಲೆ ಕನ್ನಡಕದ ವಕೀಲ ಎದ್ದ.

"ಈ ಅಧಿಕಾರಿ ನಿಮಗೆ ಪರಿಚಯ, ಅಲ್ವಾ?"

"ಇಲ್ಲ."

ಇಲ್ಲ ಎಂದೇ ಹೇಳಬೇಕಿತ್ತು. ಹಾಗೆ ಹೇಳಲಿ ಎಂದೇ ನಾನು ಕೈಮುಗಿದು ಕೂತಿದ್ದೆ. ಆದರೂ ಆ ಮಾತು ಕೇಳಿ ಯಾರೋ ನನ್ನನ್ನು ಮನೆಯಿಂದ ಹೊರಗೆ ಹಾಕಿದ ಹಾಗಾಯಿತು.

"ಯೋಚ್ನೆ ಮಾಡಿ ಹೇಳಿ, ಪ್ರಮಾಣ ಮಾಡಿದೀರಿ. ಅವರ ಮನೆಗೆ ಹೋಗಿದ್ರೋ ಇಲ್ವೋ?"

ಬೀಗದವರು ಸ್ವಲ್ಪವೂ ತಡಮಾಡಲಿಲ್ಲ. "ಹೋಗಿದ್ದೆ" ಎಂದರು.

ವಕೀಲ ನ್ಯಾಯಾಧೀಶರ ಕಡೆ ತಿರುಗಿ ಕನ್ನಡಕ ಸರಿಮಾಡಿಕೊಂಡ. "ಪರಿಚಯ ಇಲ್ಲದೋರ ಮನೆಗೆ ಯಾಕಪ್ಪಾ ಹೋದ್ರಿ?"

"ನಾನು ದಿನಾ ಹೋಗೋದೇ ಪರಿಚಯ ಇಲ್ಲದೋರ ಮನೆಗೆ ಸ್ವಾಮಿ. ಬೀಗ ಕೆಟ್ಟೋರು ಕರೀತಾರೆ, ಹೋಗ್ತೀನಿ. ವಯಸ್ಸಾದ ಅಮ್ಮ ಒಬ್ಬರು ಕರೆದ್ರು. ಯಾರ ಮನೆ ಅಂತ ಗೊತ್ತಿರ್ಲಿಲ್ಲ. ಬೀಗ ಬಿಚ್ಚಿ ಕೈಯಲ್ಲಿ ಹಿಡ್ಕೊಂಡಿದ್ದೆ, ಇವರು ಬಂದ್ರು. ಹೊರಡಿ ಅಂದ್ರು. ಹೊರಟೆ."

"ಅಷ್ಟೇನಾ?"

"ಅಷ್ಟೇ ಅಲ್ಲ. ಬೀಗ ನನ್ನ ಚೀಲದಲ್ಲೇ ಉಳೀತು. ಇವತ್ತಿಗೂ ನನ್ನ ಅಂಗಡೀಲೇ ಇದೆ. ಕೇಳೋಕೆ ಬರ್ಲಿಲ್ಲ, ಹೇಳಿನೂ ಕಳಿಸ್ಲಿಲ್ಲ. ಆ ಬಾಗಿಲಲ್ಲಿ ಇವತ್ತಿಗೂ ತೂತು ಹಾಗೇ ಇದೆ, ನೀಲಿ ಬಟ್ಟೆ ತುರುಕಿದಾರೆ. ಪರಿಚಯದೋರು ಹೀಗೆ ಇರ್ತಾರಾ ಸ್ವಾಮಿ?"

ಕೋರ್ಟಿನಲ್ಲಿ ನಗು ಎದ್ದಿತು. ನ್ಯಾಯಾಧೀಶರೂ ಬಾಯಿಗೆ ಕೈ ಅಡ್ಡ ಹಿಡಿದರು. ವಕೀಲನ ಮುಖ ಕೆಂಪಗಾಗಿ, "ಹಾಗಾದ್ರೆ ಪರಿಚಯ ಇಲ್ಲವೇ ಇಲ್ಲ ಅಂತೀರಾ?" ಎಂದ.

"ಆಗೋಕೆ ಅವರು ಬಿಡ್ಲಿಲ್ಲ ಸ್ವಾಮಿ" ಎಂದರು.

ಆಗ ಮಾತ್ರ ನನ್ನ ಕಡೆ ನೋಡಿದರು. ಕೋಪವಿರಲಿಲ್ಲ. ಅಂದು ಯಾಕೆ ಅಟ್ಟಿದೆನೆಂದು ಅವರಿಗೆ ಎಂದೋ ಗೊತ್ತಾಗಿದೆ. ಅಥವಾ ಅಲ್ಲೇ, ಆ ಕಟಕಟೆಯಲ್ಲಿ ನಿಂತೇ ಗೊತ್ತಾಯಿತೋ ಏನೋ.

ಮನೆಗೆ ಬಂದು ಬಾಗಿಲ ಮುಂದೆ ನಿಂತೆ. ನೀಲಿ ಬಟ್ಟೆ. ಅಮ್ಮ ಮೊದಲು ತುರುಕಿದ್ದು ಬಿಳಿಯದು. ನೀಲಿಯದನ್ನು ಹಾಕಿದ್ದು ಮೇ ತಿಂಗಳಲ್ಲಿ, ಬಿಳಿಯದನ್ನು ಒಗೆಯಲು ತೆಗೆದ ದಿನ. ನಗುವಿನ ಗದ್ದಲದಲ್ಲಿ ವಕೀಲನಿಗೆ ಹೊಳೆಯಲಿಲ್ಲ, ಬೇರೆ ಯಾರಿಗೂ ಹೊಳೆಯಲಿಲ್ಲ. ನಮ್ಮ ಬೀದಿ ಅವರ ಅಂಗಡಿಗೂ ದಾರಿಯಲ್ಲ, ಮಾರುಕಟ್ಟೆಗೂ ದಾರಿಯಲ್ಲ.

ಅವರು ಬಂದು ನೋಡಿ ಹೋಗಿದ್ದಾರೆ. ಬಾಗಿಲು ತಟ್ಟದೆ ಹೋಗಿದ್ದಾರೆ. ಒಳಗೆ ನಾನು ಇದ್ದೆ.

ಜೂನ್ ೨೭, ಶುಕ್ರವಾರ

ಯಜಮಾನ ತಪ್ಪೊಪ್ಪಿಕೊಂಡ. ಇನ್ನು ಎಳೆದರೆ ಇರುವ ಮರ್ಯಾದೆಯೂ ಹೋಗುತ್ತದೆಂದು ವಕೀಲನೇ ಹೇಳಿದನಂತೆ. ಶಿಕ್ಷೆಯಾಯಿತು, ಗೋದಾಮಿನ ಪರವಾನಗಿ ರದ್ದಾಯಿತು, ಡಬ್ಬಿಗಳನ್ನು ನಾಶ ಮಾಡಲು ಆದೇಶ ಬಂತು. ಕಚೇರಿಯಲ್ಲಿ ಸಿಹಿ ಹಂಚಿದರು. ಡಬ್ಬಿಯದಲ್ಲ ತಾನೆ ಎಂದು ಎಲ್ಲರೂ ಒಂದೇ ಜೋಕು ಮಾಡಿದರು.

ಲೋಟ ಮೂಸುತ್ತಿದ್ದ ಹುಡುಗಿಯ ವಾರ್ಡನ್‌ಗೆ ಫೋನ್ ಮಾಡಿ, ಸುದ್ದಿಯನ್ನು ಅವಳಿಗೂ ಹೇಳಿ ಎಂದೆ. "ಅವಳೀಗ ಎರಡೆರಡು ಸಲ ಬಡಿಸ್ಕೋತಾಳೆ ಮೇಡಂ" ಎಂದರು. ಕಣ್ಣು ತುಂಬಿ ಬಂತು.

ಜುಲೈ ೪, ಶುಕ್ರವಾರ

ಊರಾಚೆ ಗುಂಡಿ ತೆಗೆಸಿ, ಡಬ್ಬಿಗಳನ್ನು ಒಡೆಸಿ, ಸುಣ್ಣ ಸುರಿದು ಮಣ್ಣು ಮುಚ್ಚಿಸಿದೆವು. ಇಡೀ ದಿನ ಹಿಡಿಯಿತು. ಕೊನೆಯ ಡಬ್ಬಿ ಮಣ್ಣಿಗೆ ಬೀಳುವ ತನಕ ಸಾಕ್ಷಿ ಸಾಕ್ಷಿಯೇ. ಹಾಗಾಗಿ ಇವತ್ತೂ ನಾನು ಗುಂಡಿಯ ಈ ಕಡೆ, ಅವರು ಆ ಕಡೆ. ನಡುವೆ ಅಷ್ಟು ಹಣ್ಣು ಕೊಳೆತು ನಾರುತ್ತಿತ್ತು. ನನಗೆ ವಾಸನೆಯೇ ಗೊತ್ತಾಗಲಿಲ್ಲ.

ಕೊನೆಯ ಕಾಗದಕ್ಕೆ ತಾತ ಸಹಿ ಹಾಕಿದರು, ಅವರು ಸಹಿ ಹಾಕಿದರು. ಪೆನ್ನನ್ನು ನನಗೆ ಕೊಡುವಾಗ, "ಇನ್ನೇನೂ ಬಾಕಿ ಇಲ್ವಾ ಮೇಡಂ?" ಎಂದರು.

"ಇಲ್ಲ, ಎಲ್ಲ ಮುಗೀತು" ಎಂದೆ.

ಅವರು ತಾತನ ಕೈಹಿಡಿದು ಲಾರಿ ಹತ್ತಿಸಿ, ತಾವೂ ಹತ್ತಿ ಹೋದರು. ಜೀಪಿನಲ್ಲಿ ಬರುವಾಗ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬೀಗ ಬಾಕಿ ಇದೆ ಎನ್ನಬಹುದಿತ್ತಲ್ಲ! ನಾಲ್ಕು ತಿಂಗಳು ಬಾಯಿ ಕಟ್ಟಿಕೊಂಡಿದ್ದವಳಿಗೆ, ಬಿಚ್ಚು ಎಂದ ತಕ್ಷಣ ಬಿಚ್ಚಲು ಬರಲಿಲ್ಲ.

ಜುಲೈ ೫, ಶನಿವಾರ

ಹೋದೆ.

ಇಷ್ಟು ವರ್ಷದ ನೌಕರಿಯಲ್ಲಿ ಕಾಗದವಿಲ್ಲದೆ ಯಾರ ಬಾಗಿಲಿಗೂ ಹೋದವಳಲ್ಲ. ನೋಟೀಸು, ಆದೇಶ, ಮಹಜರು, ಏನಾದರೊಂದು ಕೈಯಲ್ಲಿರುತ್ತಿತ್ತು. ಇವತ್ತು ಬರಿಗೈ. ಕೈಗಳನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಇಸ್ತ್ರಿ ತಾತ ನೋಡಿ, "ಏನಮ್ಮಾ, ಡಬ್ಬಿ ಎಲ್ಲ ಮುಗೀತಲ್ಲ, ಇನ್ನೇನು ಜಪ್ತಿ ಮಾಡೋಕೆ ಬಂದೆ?" ಎಂದು ಕೂಗಿದರು. ಬೀದಿಯೆಲ್ಲ ತಿರುಗಿ ನೋಡಿತು. ನೋಡಲಿ ಬಿಡಿ.

ನಮ್ಮ ಬೀಗ ಹಲಗೆಯ ನಡುಮಧ್ಯದ ಮೊಳೆಗೆ ತೂಗುತ್ತಿತ್ತು. ಹೊಸ ಸ್ಪ್ರಿಂಗ್ ಹಾಕಿ, ತುಕ್ಕು ತೆಗೆದು, ಎಣ್ಣೆ ಬಿಟ್ಟಿದ್ದರು. ಅವರು ಅದನ್ನು ತೆಗೆದು ನನ್ನ ಮುಂದಿಟ್ಟು, ಬೀಗದ ಕೈ ತಿರುಗಿಸಿ ತೋರಿಸಿದರು. ಸದ್ದೇ ಇಲ್ಲದೆ ತಿರುಗಿತು.

"ಅವತ್ತು ಹಾಗೆ ಅಂದಿದ್ದು..." ಎಂದು ಶುರುಮಾಡಿದೆ.

"ಯಾಕೆ ಅಂತ ಕೋರ್ಟಲ್ಲೇ ಅರ್ಥ ಆಯ್ತಲ್ಲ" ಎಂದರು.

"ನೀವು ನಮ್ಮ ಬೀದಿಗೆ ಬಂದಿದ್ರಾ?"

ಅವರು ಬೀಗವನ್ನು ಒರೆಸಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. "ಬಾಗಿಲಿಗೆ ಬೇರೆ ಬೀಗ ಹಾಕಿಸಿದಾರಾ ಅಂತ ನೋಡೋಕೆ ಬರ್ತಿದ್ದೆ. ಹಾಕಿಸಿರ್ಲಿಲ್ಲ. ಹಾಕಿಸೋ ತನಕ ಬರೋಣ ಅಂದ್ಕೊಂಡೆ."

ಟೀ ತರಿಸಲೇ ಎಂದು ಕೇಳಿದರು. ತರಿಸಿ ಎಂದೆ. ಒಬ್ಬರು ಕೂತು ಒಬ್ಬರು ನಿಲ್ಲುವ ಆ ಅಂಗಡಿಯಲ್ಲಿ ನನ್ನನ್ನು ಕೂರಿಸಿ ಅವರು ನಿಂತರು. ಲೋಟ ಸರಿಯಾಗಿ ತೊಳೆದಿರಲಿಲ್ಲ, ಅಂಚಿನಲ್ಲಿ ಕಲೆ ಇತ್ತು. ನೋಡಿದೆ. ಕುಡಿದೆ.

"ಒಂದು ತೊಂದ್ರೆ ಇದೆ" ಎಂದರು. "ಪರಿಚಯ ಇಲ್ಲ ಅಂತ ಪ್ರಮಾಣ ಮಾಡಿ ಹೇಳಿಬಿಟ್ಟಿದೀನಿ. ಮಾತು ಉಳಿಸ್ಕೋಬೇಕಲ್ಲ. ಮೊದಲಿಂದ ಶುರು ಮಾಡ್ಬೇಕಾಗುತ್ತೆ. ನಿಮ್ಮ ಹೆಸರೇನು?"

"ಅಷ್ಟು ಕಾಗದದಲ್ಲಿ ಓದಿದೀರಲ್ಲ."

"ಓದಿದೀನಿ. ನೀವು ಹೇಳಿ ಕೇಳಿಲ್ಲ."

ಹೇಳಿದೆ. ಮುಂದೆ ಹುದ್ದೆ ಸೇರಿಸದೆ ಬರೀ ಹೆಸರು ಹೇಳಿ ಎಷ್ಟು ಕಾಲವಾಗಿತ್ತೋ, ಬೇರೆ ಯಾರದೋ ಹೆಸರು ಹೇಳಿದ ಹಾಗಿತ್ತು. ಅವರು ಅದನ್ನು ಒಂದು ಸಲ ಮೆಲ್ಲಗೆ ಹೇಳಿಕೊಂಡರು. ಆಮೇಲೆ ತಮ್ಮದನ್ನು ಹೇಳಿದರು.

ಬೀಗವನ್ನು ತಂದಿಲ್ಲ. ನಾಳೆ ಅವರೇ ಬಂದು ಕೂರಿಸುತ್ತಾರೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ತೂತಿನಿಂದ ನೀಲಿ ಬಟ್ಟೆ ತೆಗೆದು, ಒಗೆದು, ಹಗ್ಗದ ಮೇಲೆ ಹರವಿದ್ದೇನೆ.